ಪೋಸ್ಟರ್‌ನಲ್ಲಿದ್ದವರು ಬರಲೇ ಇಲ್ಲ: ಕುಮಟಾದ ನಗೆಸಂಜೆ ನೋಡಿ ಬಂದವರ ಎಚ್ಚರಿಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಟಿವಿ ಕಾಮಿಡಿ ಶೋಗಳ ಕಲಾವಿದರ ಫೋಟೋ ಹಾಕಿದ 'ನಗೆಸಂಜೆ' ಪೋಸ್ಟರ್ ಒಂದು ನಿಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದರ ಕೆಳಗಿರುವ ಫೋನ್ ನಂಬರ್ ನನಗೆ ಚೆನ್ನಾಗಿ ಗೊತ್ತು. ಕುಮಟಾದಲ್ಲಿ ನಡೆದ ಕಾರ್ಯಕ್ರಮಕ್ಕೆ ನಾನು ದುಡ್ಡು ಕಳಿಸಿದ್ದು ಇದೇ ನಂಬರಿಗೆ. ಸಂಘಟಕರ ಹೆಸರು ಇಲ್ಲಿ ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಇತ್ಯರ್ಥ ಆಗಲಿ. ಆದರೆ ನಡೆದದ್ದೇನು ಅಂತ ನಿಮಗೆ ಗೊತ್ತಾಗಬೇಕು.

ಕುಮಟಾದ ಪೋಸ್ಟರ್‌ನಲ್ಲಿ ಮೇಲೆ ದೊಡ್ಡದಾಗಿ ಒಬ್ಬ ಸಿನಿಮಾ ಹಾಸ್ಯನಟರ ಮುಖ ಇತ್ತು. ಕನ್ನಡ ಸಿನಿಮಾ ನೋಡುವ ಯಾರಿಗೂ ಅವರ ಪರಿಚಯ ಬೇಕಿಲ್ಲ. ಕೆಳಗೆ ಟಿವಿಯಲ್ಲಿ ಹೆಸರು ಮಾಡಿದ ಮೂರು ಜನ. ಸಂಜೆ 6.30ಕ್ಕೆ ಶುರು, ಮೂರು ಗಂಟೆ ನಗುವಿನ ಹೊಳೆ ಅಂತ ಬರೆದಿದ್ದರು. ಟಿಕೆಟ್ 499, ಮುಂದಿನ ಸಾಲಾದರೆ 999. ಆಯಿಗೆ ಆ ನಟರು ಅಂದ್ರೆ ಬಹಳ ಇಷ್ಟ. ಅಕ್ಕ, ಭಾವ, ಮಕ್ಕಳು ಎಲ್ಲ ಸೇರಿ ಹೋಗೋಣ ಅಂತಾಯ್ತು. ಅಂಕೋಲಾದಿಂದ ಕುಮಟಾ ದೂರವೇನಲ್ಲ.

ದುಡ್ಡು ಫೋನ್‌ಪೇ ಮಾಡಿದ ಮೇಲೆ ಟಿಕೆಟ್ ಅಂತ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಬಂತು. ಕ್ರಮಸಂಖ್ಯೆ ಇಲ್ಲ, ರಸೀದಿ ಇಲ್ಲ, ಸಂಸ್ಥೆಯ ವಿಳಾಸ ಇಲ್ಲ. ದುಡ್ಡು ಹೋದದ್ದು ಒಬ್ಬ ವ್ಯಕ್ತಿಯ ಖಾತೆಗೆ. ಆ ಚಿತ್ರದ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು: 'ಕಲಾವಿದರನ್ನು ಬದಲಿಸುವ ಹಕ್ಕು ಸಂಘಟಕರದ್ದು. ಹಣ ವಾಪಸ್ ಇಲ್ಲ.' ಪೋಸ್ಟರ್‌ನಲ್ಲಿ ಈ ಸಾಲು ಇರಲೇ ಇಲ್ಲ. ದುಡ್ಡು ಕೈಬಿಟ್ಟ ಮೇಲೆ ಮಾತ್ರ ಕಾಣುವ ಷರತ್ತು ಇದು. ಇದನ್ನು ಗಮನಿಸಿ, ಇಡೀ ಆಟ ನಿಂತಿರೋದೇ ಇದರ ಮೇಲೆ.

6.30ಕ್ಕೆ ಗೇಟ್ ತೆರೆಯಲಿಲ್ಲ. ಒಳಗೆ ಬಿಟ್ಟ ಮೇಲೂ ಬರೀ ಸಿನಿಮಾ ಹಾಡು ಹಾಕಿ ಕೂರಿಸಿದರು. ನಿರೂಪಕ ಆಗಾಗ ಬಂದು "ಅಣ್ಣ ಹೊನ್ನಾವರ ದಾಟಿದ್ದಾರೆ, ಜೋರಾಗಿ ಚಪ್ಪಾಳೆ" ಅನ್ನುತ್ತಿದ್ದ. ಎಂಟೂವರೆ ಆಯ್ತು. ಅಣ್ಣ ಹೊನ್ನಾವರದಿಂದ ಕುಮಟಾಕ್ಕೆ ಬರಲೇ ಇಲ್ಲ. ಆಮೇಲೆ ಶೂಟಿಂಗ್ ಮುಗಿದಿಲ್ಲವಂತೆ ಅಂದರು. ಟಿವಿಯ ಮೂವರಲ್ಲಿ ಒಬ್ಬರು ಬಂದಿದ್ದರು. ಹತ್ತು ನಿಮಿಷ ಮಾತಾಡಿ, ಸೆಲ್ಫಿ ಕೊಟ್ಟು ಹೊರಟರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅಷ್ಟಕ್ಕೇ ಒಪ್ಪಿಕೊಂಡು ಬಂದಿದ್ದರೋ ಏನೋ.

ಉಳಿದ ಹೊತ್ತು ನಡೆದದ್ದೇ ನನ್ನನ್ನು ಹೆಚ್ಚು ಕೆಣಕಿದ್ದು. ಯಾರೋ ನಾಲ್ಕು ಹುಡುಗರನ್ನು ತಂದು ಸ್ಕಿಟ್ ಮಾಡಿಸಿದರು. ಮಾತು ಅವರದ್ದಲ್ಲ, ಮೊದಲೇ ರೆಕಾರ್ಡ್ ಮಾಡಿದ್ದು. ಟಿವಿಯಲ್ಲಿ ಬಂದ ಸ್ಕಿಟ್‌ನ ಧ್ವನಿಯನ್ನೇ ಸ್ಪೀಕರ್‌ನಲ್ಲಿ ಹಾಕಿ, ಇವರು ಬಾಯಿ ಆಡಿಸುತ್ತಿದ್ದರು. ಅದರಲ್ಲಿ ಸ್ಟುಡಿಯೋದಲ್ಲಿ ಕೂತವರ ನಗುವೂ ಸೇರಿಕೊಂಡಿತ್ತು. ಒಬ್ಬ ಹುಡುಗನ ಪಂಚೆ ಜಾರಿತು. ಮೈಕ್ ಕೆಳಗಿಟ್ಟು, ಎರಡೂ ಕೈಯಲ್ಲಿ ಪಂಚೆ ಹಿಡಿದು, ಹಿಂದಕ್ಕೆ ತಿರುಗಿ ನಿಂತ. ಅವನ ಡೈಲಾಗ್ ಮಾತ್ರ ನಿಲ್ಲಲಿಲ್ಲ, ಸ್ಪೀಕರ್‌ನಲ್ಲಿ ಜೋರಾಗಿ ಬರುತ್ತಲೇ ಇತ್ತು. ಜೋಕ್ ಮುಗಿಯಿತು, ಸ್ಪೀಕರ್ 'ಹೋ' ಅಂತ ನಕ್ಕಿತು. ಮೈದಾನದಲ್ಲಿ ಯಾರೂ ನಗಲಿಲ್ಲ. ಆಯಿ ನನ್ನ ಕಡೆ ತಿರುಗಿ, "ತಮಾ, ಅಂವ ಬಾಯಿ ಮುಚ್ಚಿದ್ರೂ ಮಾತು ಬತ್ತಾ ಇದ್ದಲಾ?" ಅಂದಳು.

ಇದನ್ನು ಸಣ್ಣ ವಿಷಯ ಅಂತ ಬಿಡಲು ನನಗೆ ಆಗೋದಿಲ್ಲ. ನಗಿಸುವವನು ಎದುರಿಗೆ ನಿಂತಿದ್ದಾನೆ ಅನ್ನೋದಕ್ಕೇ ಅಲ್ವಾ ನಾವು ದುಡ್ಡು ಕೊಡೋದು? ಸಿನಿಮಾದಲ್ಲಿ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅಂತ ಎಡಿಟರ್ ಮೊದಲೇ ಕತ್ತರಿಸಿ ಇಟ್ಟಿರುತ್ತಾನೆ. ಎದುರಿಗೆ ನಿಂತ ಕಲಾವಿದ ನಮ್ಮ ನಗು ಮುಗಿಯುವ ತನಕ ಕಾಯುತ್ತಾನೆ. ನಗು ಇಳಿಯುತ್ತಿದೆ ಅನ್ನುವಾಗ ಮುಂದಿನ ಮಾತು ಬಿಡುತ್ತಾನೆ. ಬಾರದ ಜೋಕನ್ನು ಅಲ್ಲೇ ಕೈಬಿಡುತ್ತಾನೆ. ನರಸಿಂಹರಾಜು ಅವರನ್ನೇ ನೋಡಿ. 1954ರಲ್ಲಿ ಸಿನಿಮಾಕ್ಕೆ ಬರುವ ಮುಂಚೆ ನಾಟಕ ಕಂಪನಿಗಳಲ್ಲಿ ಪಳಗಿ ಬಂದವರು. ಎದುರಿಗೆ ಜನ ಕೂತಿದ್ದಾರೆ ಅನ್ನುವ ಲೆಕ್ಕದಲ್ಲೇ ಅವರ ಮಾತು ನಿಂತು ನಿಂತು ಬರುತ್ತದೆ ಅಂತ ನನಗೆ ಅನಿಸುತ್ತದೆ. ಅದಕ್ಕೇ ಇವತ್ತಿಗೂ ಅವರ ದೃಶ್ಯ ಬಂದರೆ ಮನೆಯಲ್ಲಿ ಟಿವಿ ಚಾನೆಲ್ ಬದಲಿಸಲು ಬಿಡೋದಿಲ್ಲ.

ಇನ್ನು ನಮ್ಮ ಜಿಲ್ಲೆಯವರಿಗೆ ಹಾಸ್ಯ ಏನು ಅಂತ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಯಕ್ಷಗಾನ ನೋಡಿ ಬೆಳೆದವರು ನಾವು. ಗುಣವಂತೆಯ ಇಡಗುಂಜಿ ಮೇಳ ಶುರುವಾದದ್ದು 1934ರಲ್ಲಿ. ಹಾಸ್ಯಗಾರ ದೂತನಾಗಿ ರಂಗಕ್ಕೆ ಬಂದು ಭಾಗವತರ ಜೊತೆ ಮಾತಿಗೆ ನಿಂತರೆ, ಕೈಯಲ್ಲಿ ಬರೆದಿಟ್ಟ ಮಾತು ಒಂದೂ ಇರೋದಿಲ್ಲ. ಆ ಊರಿನ ರಸ್ತೆ, ಆ ವರ್ಷದ ಅಡಿಕೆ ರೇಟು, ಬಾರದ ಬಸ್ಸು, ಎಲ್ಲ ಅಲ್ಲೇ ಸೇರಿಕೊಳ್ಳುತ್ತದೆ. ಅದನ್ನು ನೋಡಿದವರ ಮುಂದೆ ಟೇಪ್ ಹಾಕಿ ಬಾಯಾಡಿಸಿದರೆ ಮೋಸ ಅಂತ ಮಕ್ಕಳಿಗೂ ತಿಳಿಯುತ್ತದೆ. ಮತ್ತೆ ಆ ಸ್ಕಿಟ್‌ಗಳ ವಿಷಯವೋ, ಕಪ್ಪು ಬಣ್ಣ, ದಪ್ಪ ಮೈ, ಸೀರೆ ಉಟ್ಟ ಗಂಡಸು, ಅಷ್ಟೇ. 'ಕುಟುಂಬ ಸಮೇತ ನೋಡಿ' ಅಂತ ಪೋಸ್ಟರ್‌ನಲ್ಲಿ ಹಾಕಿ, ಮಕ್ಕಳ ಎದುರಿಗೆ ಎರಡರ್ಥದ ಮಾತು. ಅಕ್ಕ ಮಕ್ಕಳನ್ನು ಕರೆದುಕೊಂಡು ಐಸ್‌ಕ್ರೀಮ್ ಅಂಗಡಿ ಕಡೆ ಎದ್ದು ಹೋದಳು.

ಹತ್ತು ಗಂಟೆಗೆ ಎಲ್ಲ ಬಂದ್. "ಪೊಲೀಸರು ನಿಲ್ಲಿಸಿ ಅಂತಿದ್ದಾರೆ, ನಾವೇನು ಮಾಡೋಣ" ಅಂದರು. ಇದೂ ಒಂದು ಲೆಕ್ಕಾಚಾರ ಅಂತ ನನ್ನ ಅನಿಸಿಕೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಇದೆ. ಅದಕ್ಕೆ ವಿನಾಯಿತಿ ಸಿಗೋದು ಕೆಲವೇ ದಿನಗಳಿಗೆ. ಕಾರ್ಯಕ್ರಮ ಮಾಡುವವರಿಗೆ ಇದು ಗೊತ್ತಿಲ್ಲದೇ ಇರೋದಿಲ್ಲ. ಎಂಟೂವರೆಗೆ ಶುರು ಮಾಡಿದರೆ ಒಂದೂವರೆ ಗಂಟೆ ತಳ್ಳಿದರೆ ಸಾಕು. ಉಳಿದದ್ದಕ್ಕೆ ಪೊಲೀಸರ ಹೆಸರು ಹೇಳಿದರಾಯ್ತು.

ಗೇಟ್ ಹತ್ತಿರ ದುಡ್ಡು ಕೇಳಿದವರಿಗೆ ಆ ಸಣ್ಣ ಅಕ್ಷರದ ಸಾಲು ತೋರಿಸಿದರು. ಮರುದಿನದಿಂದ ಫೋನ್ ಸ್ವಿಚ್ ಆಫ್. ನಾನು ಆ ನಟರ ಅಧಿಕೃತ ಪೇಜಿಗೆ ಮೆಸೇಜ್ ಹಾಕಿದೆ. ಅವರ ಡೇಟ್ ನೋಡಿಕೊಳ್ಳುವವರು ಮರ್ಯಾದೆಯಿಂದ ಉತ್ತರ ಕೊಟ್ಟರು. ಒಮ್ಮೆ ಫೋನ್ ಬಂದಿತ್ತಂತೆ. ಅಡ್ವಾನ್ಸ್ ಬರಲಿಲ್ಲ, ಡೇಟ್ ಕೊಡಲಿಲ್ಲ. ಪೋಸ್ಟರ್ ಆಗಿದ್ದೂ ಅವರಿಗೆ ಗೊತ್ತಿಲ್ಲ. ಅಂದರೆ ಇವರು ಮೊದಲು ಪೋಸ್ಟರ್ ಬಿಡುತ್ತಾರೆ. ಟಿಕೆಟ್ ಚೆನ್ನಾಗಿ ಹೋದರೆ ಆ ದುಡ್ಡಲ್ಲೇ ಕಲಾವಿದರಿಗೆ ಅಡ್ವಾನ್ಸ್. ಹೋಗದಿದ್ದರೆ ಟೇಪು.

ಒಂದೇ ರಾತ್ರಿಯ ಕಾರ್ಯಕ್ರಮದಲ್ಲಿ ಅಪಾಯ ಇರೋದೇ ಇಲ್ಲಿ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬೆ ಜಾತ್ರೆಗೆ ನಾಟಕ ಕಂಪನಿಗಳು ಬರುತ್ತವಲ್ಲ, ಅವು ದಿನಾ ಆಟ ಆಡುತ್ತವೆ. ನಿನ್ನೆ ನೋಡಿದವರು ಚಹಾ ಅಂಗಡಿಯಲ್ಲಿ ಸಿಗುತ್ತಾರೆ. ಚೆನ್ನಾಗಿಲ್ಲ ಅಂದ್ರೆ ಮರುದಿನ ಕುರ್ಚಿ ಖಾಲಿ. ಆ ಭಯಕ್ಕಾದರೂ ಚೆನ್ನಾಗಿ ಆಡುತ್ತಾರೆ. ಒಂದು ರಾತ್ರಿ ಬಂದು ಹೋಗುವವರಿಗೆ ನಿನ್ನೆ ನೋಡಿದವರೂ ಇಲ್ಲ, ನಾಳೆ ಬರುವವರ ಹಂಗೂ ಇಲ್ಲ.

ಹಾಗಾಗಿ ಇಂಥ ಪೋಸ್ಟರ್ ಬಂದರೆ ಮೊದಲು ಕಲಾವಿದರ ಸ್ವಂತ ಪೇಜ್ ನೋಡಿ. ಬರುವವರಾದರೆ ಊರು, ತಾರೀಕು ಹೇಳಿ ಒಂದು ಸಣ್ಣ ವಿಡಿಯೋ ಹಾಕುವುದು ಈಗ ಸಾಮಾನ್ಯ. ಇಲ್ಲದಿದ್ದರೆ ಸಂಘಟಕರನ್ನೇ ಕೇಳಿ, 'ಅವರ ಬಾಯಲ್ಲಿ ನಮ್ಮ ಊರಿನ ಹೆಸರು ಹೇಳಿಸಿ ಕಳಿಸಿ' ಅಂತ. ಹಳೇ ವಿಡಿಯೋ ಕಳಿಸಿದರೆ ಒಪ್ಪಬೇಡಿ. ಜಾಗ ಬುಕ್ ಆಗಿದೆಯಾ ಅಂತ ಮೈದಾನ ಅಥವಾ ಸಭಾಭವನದವರಿಗೆ, ಅನುಮತಿ ಇದೆಯಾ ಅಂತ ಪೊಲೀಸ್ ಠಾಣೆಗೆ ಒಂದು ಫೋನ್ ಮಾಡಿದರೆ ತಿಳಿಯುತ್ತದೆ. ವ್ಯಕ್ತಿಯ ಖಾತೆಗೆ ದುಡ್ಡು ಕೇಳಿ ರಸೀದಿ ಕೊಡದಿದ್ದರೆ ಅಲ್ಲಿಗೇ ಬಿಡಿ. ರಸೀದಿ ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ.

'ಹಣ ವಾಪಸ್ ಇಲ್ಲ' ಅಂತ ಬರೆದುಬಿಟ್ಟರೆ ಮುಗಿಯಿತು ಅಂತ ಬಹಳ ಜನ ಸುಮ್ನಾಗುತ್ತಾರೆ. ಹಾಗಲ್ಲ. ಹೇಳಿದ ಸೇವೆ ಕೊಡದೆ ದುಡ್ಡು ಇಟ್ಟುಕೊಂಡರೆ ದೂರು ಕೊಡುವ ಹಕ್ಕು ನಮಗಿದೆ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಸಂಘಟಕರು ಬೆಂಗಳೂರಿನವರಾದರೂ ಪರವಾಗಿಲ್ಲ, ಈಗ ನಾವಿರುವ ಊರಿನಲ್ಲೇ ದೂರು ಹಾಕಬಹುದು. ಎರಡು ವರ್ಷದ ಒಳಗೆ ಹಾಕಬೇಕು, ಅಷ್ಟೇ. ಕಾರ್ಯಕ್ರಮವೇ ಇಲ್ಲದೆ ಬರೀ ಟಿಕೆಟ್ ಮಾರಿ ಮಾಯವಾಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಆನ್‌ಲೈನ್ ವಂಚನೆಗೆ ಇರುವ ನಂಬರ್ ಅದು. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.

ಕುಮಟಾದಲ್ಲಿ ಆ ರಾತ್ರಿ ಇದ್ದವರಿಗೆ ಒಂದು ಮಾತು. ಒಂದೇ ತೊಂದರೆ ಆದವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಕೊಡಲು ಅವಕಾಶ ಇದೆ. ಪೋಸ್ಟರ್, ಟಿಕೆಟ್ ಚಿತ್ರ, ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್ ಅಳಿಸಬೇಡಿ. ಸ್ಕಿಟ್ ನಡೆಯುವಾಗ ವಿಡಿಯೋ ಮಾಡಿಕೊಂಡವರು ಬಹಳ ಜನ ಇದ್ದರು. ಪಂಚೆ ಜಾರಿದಾಗಿನ ಆ ಭಾಗ ಯಾರ ಹತ್ತಿರವಾದರೂ ಇದ್ದರೆ ನನಗೆ ಕಳಿಸಿ. ಮಾತು ರೆಕಾರ್ಡ್ ಮಾಡಿದ್ದು ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾಗಿಲ್ಲ.