ಅಮ್ಮನ ಕಂಪ್ಯೂಟರಿಗೆ ಹಾಕಿದ ಆಟೋಲಾಗಾನ್

ಪವರ್ ಬಟನ್ ಒತ್ತಿದ ಮೇಲೆ ಪಾಸ್‌ವರ್ಡ್ ಕೇಳದೆ ಸೀದಾ ಡೆಸ್ಕ್‌ಟಾಪ್ ಬರಬೇಕು ಅಂದರೆ ವಿಂಡೋಸ್‌ನಲ್ಲಿ ಎರಡು ಮೂರು ದಾರಿಗಳಿವೆ. ಎಲ್ಲವನ್ನೂ ನೋಡಿ, ಕೊನೆಗೆ ಅಮ್ಮನ ಕಂಪ್ಯೂಟರಿಗೆ ನಾನು ಹಾಕಿದ್ದು ಸಿಸ್‌ಇಂಟರ್ನಲ್ಸ್ ಅನ್ನುವ ವಿಂಡೋಸ್ ಟೂಲ್‌ಗಳ ಗುಂಪಿನಲ್ಲಿ ಒಂದಾದ ಆಟೋಲಾಗಾನ್ (Autologon). ಸಿಸ್‌ಇಂಟರ್ನಲ್ಸ್ 2006ರಿಂದ ಮೈಕ್ರೋಸಾಫ್ಟ್‌ನ ಕೈಯಲ್ಲಿದೆ. ಟೂಲ್ ಅವರ ಸೈಟ್‌ನಲ್ಲೇ ಪುಕ್ಕಟೆಯಾಗಿ ಸಿಗುತ್ತದೆ. ಬೇರೆ ಯಾವುದೋ ಡೌನ್‌ಲೋಡ್ ಸೈಟ್‌ನಿಂದ ಮಾತ್ರ ಇಳಿಸಿಕೊಳ್ಳಬೇಡಿ. ನೀವು ಇದಕ್ಕೆ ಪಾಸ್‌ವರ್ಡ್ ಕೊಡುತ್ತೀರಿ, ಹಾಗಾಗಿ ಎಲ್ಲಿಂದ ಬಂತು ಅನ್ನೋದು ಮುಖ್ಯ.

ಇದರ ಅಗತ್ಯ ಯಾಕೆ ಬಂತು ಅಂದರೆ, ಅಮ್ಮನ ಬೆರಳಿನ ಗಂಟುಗಳು ನೋಯುತ್ತವೆ. ಶಿಫ್ಟ್ ಹಿಡಿದುಕೊಂಡೇ ಇನ್ನೊಂದು ಕೀ ಒತ್ತುವುದು ಅವಳಿಗೆ ದೊಡ್ಡ ಕೆಲಸ. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿ ಕಾಣುತ್ತದೆ, ಎಲ್ಲಿ ತಪ್ಪಾಯಿತು ಅಂತ ಗೊತ್ತಾಗುವುದಿಲ್ಲ. ಕೆಲವು ಸಲ ಕ್ಯಾಪ್ಸ್ ಲಾಕ್ ಆನ್ ಆಗಿರುತ್ತದೆ. ಕೆಲವು ಸಲ ಲಾಗಿನ್ ಪರದೆಯಲ್ಲೇ ಕೀಬೋರ್ಡ್ ಭಾಷೆ ಕನ್ನಡಕ್ಕೆ ತಿರುಗಿರುತ್ತದೆ. ಆಗ ಎಷ್ಟು ಸರಿಯಾಗಿ ಟೈಪ್ ಮಾಡಿದರೂ ಒಳಗೆ ಬಿಡುವುದಿಲ್ಲ. "ಮನೆ ನಂದು, ಕಂಪ್ಯೂಟರ್ ನಂದು. ನಾನ್ಯಾರು ಅಂತ ಅದಕ್ಕೆ ದಿನಾ ಯಾಕೆ ಹೇಳ್ಬೇಕು?" ಅಂತ ಅಮ್ಮ ಕೇಳಿದಳು. ನ್ಯಾಯವಾದ ಪ್ರಶ್ನೆ. ಆ ಡೆಸ್ಕ್‌ಟಾಪ್ ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಅವಳನ್ನು ಬಿಟ್ಟು ಬೇರೆ ಯಾರೂ ಅದನ್ನು ದಿನಾ ಬಳಸುವುದಿಲ್ಲ.

ಈ ಕೆಲಸಕ್ಕೆ ಸಾಮಾನ್ಯವಾಗಿ ಎಲ್ಲರೂ ಹೇಳುವುದು ನೆಟ್‌ಪಿಎಲ್‌ವಿಝ್ (netplwiz). ರನ್ ಪೆಟ್ಟಿಗೆಯಲ್ಲಿ ಆ ಹೆಸರು ಕೊಟ್ಟರೆ ಬಳಕೆದಾರರ ಪಟ್ಟಿ ತೆರೆಯುತ್ತದೆ. ಅದರ ಮೇಲೆ "ಬಳಕೆದಾರರು ಹೆಸರು ಮತ್ತು ಪಾಸ್‌ವರ್ಡ್ ಕೊಡಲೇಬೇಕು" ಅನ್ನುವ ಅರ್ಥದ ಒಂದು ಟಿಕ್ ಇರುತ್ತದೆ. ಅದನ್ನು ತೆಗೆದರೆ ಆಯಿತು. ತೊಂದರೆ ಏನಂದರೆ, ಈಗಿನ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಆ ಟಿಕ್ಕೇ ಕಾಣುವುದಿಲ್ಲ. ಸೆಟ್ಟಿಂಗ್ಸ್‌ನ ಸೈನ್ ಇನ್ ಆಪ್ಷನ್ಸ್‌ನಲ್ಲಿ ವಿಂಡೋಸ್ ಹಲೋದಿಂದ (ಪಿನ್, ಬೆರಳಚ್ಚು, ಮುಖದ ಗುರುತು) ಮಾತ್ರ ಒಳಗೆ ಬಿಡು ಅನ್ನುವ ಸ್ವಿಚ್ ಆನ್ ಇದ್ದರೆ ಅದು ಮಾಯವಾಗುತ್ತದೆ. ಸ್ವಿಚ್ ಆಫ್ ಮಾಡಿದರೆ ಮತ್ತೆ ಬರುತ್ತದೆ. ಗೊತ್ತಿದ್ದವರಿಗೆ ಸುಲಭ, ಗೊತ್ತಿಲ್ಲದವರು ಸುಮ್ನೆ ಹುಡುಕುತ್ತಾ ಕೂರಬೇಕು.

ಇನ್ನೊಂದು ದಾರಿ ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗ. ವಿನ್‌ಲಾಗಾನ್ ಫೋಲ್ಡರ್‌ಗೆ ಹೋಗಿ ಆಟೋಅಡ್ಮಿನ್‌ಲಾಗಾನ್ ಅನ್ನು 1 ಮಾಡಿ, ಹೆಸರು ಮತ್ತು ಪಾಸ್‌ವರ್ಡನ್ನು ಕೈಯಾರೆ ಬರೆಯುವುದು. ಇದನ್ನು ಮಾಡಲೇಬೇಡಿ ಅಂತ ನಾನು ಹೇಳುತ್ತೇನೆ. ಪಾಸ್‌ವರ್ಡ್ ಅಲ್ಲಿ ಅಕ್ಷರ ಅಕ್ಷರವಾಗಿ ಹಾಗೇ ಕೂತಿರುತ್ತದೆ. ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ ಹಾಗೆ.

ಆಟೋಲಾಗಾನ್ ಇಷ್ಟವಾಗಿದ್ದು ಇದೇ ಕಾರಣಕ್ಕೆ. ಪಾಸ್‌ವರ್ಡನ್ನು ಅದು ಎನ್‌ಕ್ರಿಪ್ಟ್ ಮಾಡಿ (ಸುಮ್ನೆ ನೋಡಿದರೆ ಓದಲಾಗದ ಹಾಗೆ ಬದಲಿಸಿ), ವಿಂಡೋಸ್ ತನ್ನ ಗುಟ್ಟುಗಳನ್ನು ಇಟ್ಟುಕೊಳ್ಳುವ ಜಾಗದಲ್ಲೇ ಇಡುತ್ತದೆ. ಪೂರ್ತಿ ಭದ್ರ ಅಂತಲ್ಲ. ಆ ಕಂಪ್ಯೂಟರಿನ ಅಡ್ಮಿನ್ ಆಗಿರುವವರು ಬೇಕೆಂದರೆ ಹೊರತೆಗೆಯಬಹುದು. ಆದರೆ ರಿಜಿಸ್ಟ್ರಿ ತೆರೆದವರ ಕಣ್ಣಿಗೆಲ್ಲ ಬೀಳುವುದಿಲ್ಲ.

ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ಜಿಪ್ ಬಿಚ್ಚಿ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ, ಮೊದಲ ಸಲ ಷರತ್ತುಗಳಿಗೆ ಒಪ್ಪಿಗೆ ಕೇಳುತ್ತದೆ. ಆಮೇಲೆ ಅಂಗೈಯಗಲದ ಒಂದು ಕಿಟಕಿ. ಯೂಸರ್‌ನೇಮ್, ಡೊಮೇನ್, ಪಾಸ್‌ವರ್ಡ್ ಅಂತ ಮೂರು ಪೆಟ್ಟಿಗೆ. ಕೆಳಗೆ ಎನೇಬಲ್, ಡಿಸೇಬಲ್. ಮೊದಲೆರಡು ಪೆಟ್ಟಿಗೆ ತಾನೇ ತುಂಬಿರುತ್ತದೆ. ಮನೆ ಕಂಪ್ಯೂಟರ್‌ನಲ್ಲಿ ಡೊಮೇನ್ ಜಾಗಕ್ಕೆ ಬರುವುದು ಆ ಕಂಪ್ಯೂಟರಿನ ಹೆಸರೇ, ಗಾಬರಿ ಬೇಡ. ಪಾಸ್‌ವರ್ಡ್ ಹಾಕಿ ಎನೇಬಲ್ ಒತ್ತಿದರೆ ಕೆಲಸ ಮುಗಿಯಿತು.

ಇಲ್ಲಿ ಎರಡು ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಒಂದು, ಅದು ಕೇಳುವುದು ಖಾತೆಯ ಪಾಸ್‌ವರ್ಡ್, ಪಿನ್ ಅಲ್ಲ. ದಿನಾ ಪಿನ್ ಒತ್ತಿ ರೂಢಿಯಾದವರಿಗೆ ಅಸಲಿ ಪಾಸ್‌ವರ್ಡ್ ಎಷ್ಟೋ ಸಲ ನೆನಪೇ ಇರುವುದಿಲ್ಲ, ಅಲ್ವಾ? ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಎರಡು, ನೀವು ಕೊಟ್ಟ ಪಾಸ್‌ವರ್ಡ್ ಸರಿಯೋ ತಪ್ಪೋ ಅಂತ ಆಟೋಲಾಗಾನ್ ಪರೀಕ್ಷೆ ಮಾಡುವುದಿಲ್ಲ. ಒಂದಕ್ಷರ ತಪ್ಪಿದ್ದರೂ "ಎಲ್ಲ ಸರಿಹೋಯಿತು" ಅಂತಲೇ ಹೇಳುತ್ತದೆ. ರೀಸ್ಟಾರ್ಟ್ ಮಾಡಿದಾಗಲೇ ನಿಜ ಗೊತ್ತಾಗುವುದು. ಇಷ್ಟು ಚೆನ್ನಾಗಿರುವ ಟೂಲ್‌ನಲ್ಲಿ ಇದೊಂದು ಕೊರತೆ. ಆ ಕ್ಷಣದಲ್ಲೇ ನೋಡಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಅಮ್ಮನಿಗೆ ನಾನು ಅಡ್ಮಿನ್ ಅಲ್ಲದ ಬೇರೆ ಖಾತೆ ಮಾಡಿಕೊಟ್ಟಿದ್ದೇನೆ. ತಾನಾಗಿ ತೆರೆಯುವುದು ಅದು ಮಾತ್ರ. ನನ್ನ ಅಡ್ಮಿನ್ ಖಾತೆಗೆ ಪಾಸ್‌ವರ್ಡ್ ಹಾಗೇ ಇದೆ. ಈ ತರಹ ಮಾಡುವವರು ಒಂದು ಗಮನಿಸಿ. ಟೂಲ್ ಅಡ್ಮಿನ್ ಅನುಮತಿಯಲ್ಲಿ ಓಡುವುದರಿಂದ ಯೂಸರ್‌ನೇಮ್ ಪೆಟ್ಟಿಗೆಯಲ್ಲಿ ಅಡ್ಮಿನ್ ಹೆಸರು ಬಂದಿರುತ್ತದೆ. ಅದನ್ನು ಅಳಿಸಿ ಅಮ್ಮನ ಖಾತೆಯ ಹೆಸರು ಹಾಕಬೇಕು. ಪರದೆ ಮೇಲೆ ಕಾಣುವ ಹೆಸರು ಬೇರೆ, ಖಾತೆಯ ಒಳ ಹೆಸರು ಬೇರೆ ಇರಬಹುದು. ನೆಟ್‌ಪಿಎಲ್‌ವಿಝ್ ಪಟ್ಟಿಯಲ್ಲಿ ಒಳ ಹೆಸರು ಸಿಗುತ್ತದೆ. ನನ್ನ ಖಾತೆಗೆ ಹೋಗಬೇಕಾದಾಗ ನಾನು ಕಂಪ್ಯೂಟರ್ ಶುರುವಾಗುವಾಗ ಶಿಫ್ಟ್ ಒತ್ತಿ ಹಿಡಿಯುತ್ತೇನೆ. ಆ ಸಲಕ್ಕೆ ಮಾತ್ರ ಆಟೋ ಲಾಗಿನ್ ನಿಂತು ಮಾಮೂಲಿ ಪರದೆ ಬರುತ್ತದೆ. ಸೈನ್ ಔಟ್ ಮಾಡಿಯೂ ಹೋಗಬಹುದು.

ಕಂಪ್ಯೂಟರ್ ಸ್ಲೀಪ್‌ನಿಂದ ಎದ್ದಾಗ ಕೇಳುವ ಪಾಸ್‌ವರ್ಡಿಗೂ ಈ ಟೂಲ್‌ಗೂ ಸಂಬಂಧವಿಲ್ಲ. ಅದಕ್ಕೆ ಸೈನ್ ಇನ್ ಆಪ್ಷನ್ಸ್‌ನಲ್ಲಿ ಬೇರೆ ಸೆಟ್ಟಿಂಗ್ ಇದೆ, ಅಲ್ಲಿ "ನೆವರ್" ಆರಿಸಬೇಕು. ಖಾತೆಯ ಪಾಸ್‌ವರ್ಡ್ ಬದಲಾಯಿಸಿದರೆ ಆಟೋಲಾಗಾನ್‌ಗೂ ಹೊಸದನ್ನು ಕೊಡಬೇಕು. ಆಫೀಸಿನ ಇಮೇಲ್ ಸೇರಿಸಿ, ಆಫೀಸಿನವರ ಪಾಸ್‌ವರ್ಡ್ ನಿಯಮ ಆ ಕಂಪ್ಯೂಟರ್ ಮೇಲೆ ಕೂತಿದ್ದರೆ ವಿಂಡೋಸ್ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇರಬಹುದು.

ಲ್ಯಾಪ್‌ಟಾಪ್‌ಗೆ ಹಾಕಬೇಕಾ ಅಂತ ಕೇಳಿದರೆ, ಬೇಡ. ನನ್ನದಕ್ಕೆ ನಾನು ಹಾಕಿಲ್ಲ. ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿಡುವ ಬಿಟ್‌ಲಾಕರ್ ಇದೆಯಲ್ಲ ಅಂತ ಕೆಲವರು ಧೈರ್ಯ ಹೇಳುತ್ತಾರೆ. ಆದರೆ ಮನೆ ಬಳಕೆಯ ಕಂಪ್ಯೂಟರ್‌ಗಳಲ್ಲಿ ಬಿಟ್‌ಲಾಕರ್ ಸಾಮಾನ್ಯವಾಗಿ ಒಳಗಿನ ಟಿಪಿಎಂ ಚಿಪ್ ನಂಬಿಕೊಂಡು ತಾನೇ ಬಿಚ್ಚಿಕೊಳ್ಳುತ್ತದೆ. ಅದರ ಮೇಲೆ ಲಾಗಿನ್ ಕೂಡ ತಾನಾಗಿ ಆಗಿಬಿಟ್ಟರೆ, ಕದ್ದವರು ಬಟನ್ ಒತ್ತಿದರೆ ಸಾಕು. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ತೆರೆದೇ ಇರುವ ಇಮೇಲ್, ಎಲ್ಲವೂ ಅವರ ಕೈಗೆ. ಅದಕ್ಕೇ ಅಮ್ಮನ ಬ್ರೌಸರ್‌ನಲ್ಲೂ ಬ್ಯಾಂಕಿನ ಪಾಸ್‌ವರ್ಡ್ ಉಳಿಸಿಲ್ಲ. ಅವಳು ಸುದ್ದಿ ಓದುತ್ತಾಳೆ, ವಿಡಿಯೋ ಕಾಲ್ ಮಾಡುತ್ತಾಳೆ, ಫೋಟೋ ನೋಡುತ್ತಾಳೆ. ಅಷ್ಟಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಈಗ ಬಟನ್ ಒತ್ತಿ ಅವಳ ಪಾಡಿಗೆ ಅವಳು ಶುರು ಮಾಡಿಕೊಳ್ಳುತ್ತಾಳೆ, ನನಗೆ ಫೋನ್ ಬರುವುದು ಮಾತಾಡುವುದಕ್ಕೆ ಮಾತ್ರ.

ವಯಸ್ಸಾದವರು ಒಬ್ಬರೇ ಬಳಸುವ, ಮನೆಯಲ್ಲೇ ಇರುವ ಡೆಸ್ಕ್‌ಟಾಪ್‌ಗೆ ಕಣ್ಣುಮುಚ್ಚಿ ಹಾಕಿಕೊಡಿ. ಕಂಪ್ಯೂಟರನ್ನು ರಿಪೇರಿಗೆ ಕೊಡುವ ಮುಂಚೆ, ಇಲ್ಲವೇ ಮಾರುವ ಮುಂಚೆ, ಅದೇ ಟೂಲ್ ತೆರೆದು ಡಿಸೇಬಲ್ ಒತ್ತಿ, ಒಂದು ಸಲ ರೀಸ್ಟಾರ್ಟ್ ಮಾಡಿ ಪಾಸ್‌ವರ್ಡ್ ಕೇಳುತ್ತಿದೆಯಾ ಅಂತ ನೋಡಿಯೇ ಕೊಡಿ.