ತಂಬೂರಿಯ ಮುಂದೆ ಫೈಫಾಕ್ಸ್

ಧ್ವನಿಯಂಥ ಒಂದು ಸಂಕೇತದಲ್ಲಿ ಯಾವ ಯಾವ ಆವೃತ್ತಿಗಳು ಎಷ್ಟೆಷ್ಟಿವೆ ಎಂದು ಬಿಡಿಸಿ ಹೇಳುವ ಫೂರಿಯರ್ ಪರಿವರ್ತನೆಯ ಸೂತ್ರವನ್ನು ತಪ್ಪಿಲ್ಲದೆ ಬರೆಯುವ ಬಿ.ಎಸ್ಸಿ. ವಿದ್ಯಾರ್ಥಿಗಳಲ್ಲಿ ಅನೇಕರಿಗೆ, ಆ ಅನುಕಲದೊಳಗೆ ಸಂಕೇತವನ್ನು ಸೈನ್ ಅಲೆಯಿಂದ ಏಕೆ ಗುಣಿಸುತ್ತೇವೆ ಎಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಈ ಕೊರತೆಯನ್ನು ಒಂದು ಫೋನ್ ತುಂಬಬಲ್ಲುದೇ ಎಂದು ನೋಡಲು ಫೈಫಾಕ್ಸ್ ಆ್ಯಪನ್ನು ಕೆಲವು ವಾರ ಬಳಸಿದೆ. ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಈ ಆ್ಯಪ್ ಉಚಿತವಾಗಿದ್ದು, ಫೋನಿನಲ್ಲಿರುವ ಮೈಕ್ ಮತ್ತು ಇತರ ಸಂವೇದಕಗಳನ್ನೇ ಪ್ರಯೋಗಶಾಲೆಯ ಉಪಕರಣಗಳನ್ನಾಗಿ ಮಾಡಿಕೊಳ್ಳುತ್ತದೆ.

ಧ್ವನಿಯ ರೋಹಿತವನ್ನು, ಅಂದರೆ ಯಾವ ಆವೃತ್ತಿ ಎಷ್ಟು ಬಲವಾಗಿದೆ ಎಂಬ ನಕ್ಷೆಯನ್ನು, ತೋರಿಸುವ ಪ್ರಯೋಗವನ್ನು ತೆರೆದು, ಒಂದೂವರೆ ಶ್ರುತಿಗೆ ಕೂಡಿಸಿದ ತಂಬೂರಿಯ ಪಕ್ಕದಲ್ಲಿ ಫೋನನ್ನು ಇಟ್ಟೆ. ಸಾರಣೆಯ ತಂತಿ ಸುಮಾರು 138.6 ಹರ್ಟ್ಸ್, ಪಂಚಮ 104, ಮಂದ್ರ 69.3. ಮೈಕ್ ಸೆಕೆಂಡಿಗೆ 48,000 ಮಾದರಿಗಳನ್ನು ತೆಗೆದುಕೊಳ್ಳುವಾಗ 2048 ಮಾದರಿಗಳ ತುಣುಕನ್ನು ಆರಿಸಿದರೆ ರೋಹಿತದ ಮನೆಗಳು (ಬಲವನ್ನು ಅಳೆಯುವ ಆವೃತ್ತಿಬಿಂದುಗಳು) 23.4 ಹರ್ಟ್ಸ್ ಅಂತರದಲ್ಲಿ ಬೀಳುತ್ತವೆ. ಹಾಗಾಗಿ ಈ ಮೂರು ಸ್ವರಗಳು ಒಂದಕ್ಕೊಂದು ಅಂಟಿಕೊಂಡ ದಿಬ್ಬಗಳಂತೆ ಕಾಣುತ್ತವೆ. ಮಾದರಿಗಳನ್ನು 32,768ಕ್ಕೆ ಏರಿಸಿದಾಗ ಅಂತರ 1.5 ಹರ್ಟ್ಸ್‌ಗಿಂತ ಕಡಿಮೆಯಾಗಿ ಶಿಖರಗಳು ಸೂಜಿಯಂತಾಗುತ್ತವೆ, ಆದರೆ ಆ ತುಣುಕು 0.68 ಸೆಕೆಂಡಿನಷ್ಟು ಉದ್ದವಾಗುವುದರಿಂದ ಯಾವ ತಂತಿಯನ್ನು ಯಾವಾಗ ಮೀಟಿದೆ ಎಂಬುದು ಕಲಸಿಹೋಗುತ್ತದೆ. ಕಾಲದಲ್ಲಿ ಬಿಗಿಹಿಡಿದರೆ ಆವೃತ್ತಿಯಲ್ಲಿ ಸಡಿಲವಾಗುವ ಈ ಚೌಕಾಸಿ ಕ್ವಾಂಟಮ್ ಭೌತವಿಜ್ಞಾನದಲ್ಲಿ ಅನಿಶ್ಚಿತತೆಯ ತತ್ತ್ವವಾಗಿ ಮತ್ತೆ ಎದುರಾಗುವಂಥದ್ದು. ಅದನ್ನು ಹೀಗೆ ಬೆರಳ ತುದಿಯಲ್ಲಿ ತಿರುಗಿಸಿ ನೋಡಲು ಸಿಗುವುದೇ ಈ ಆ್ಯಪಿನ ದೊಡ್ಡ ಗುಣ ಎಂದು ನನಗೆ ಅನಿಸುತ್ತದೆ.

ಇನ್ನೂ ಹೆಚ್ಚು ಹೊತ್ತು ನನ್ನನ್ನು ಹಿಡಿದಿಟ್ಟದ್ದು ತಂತಿಗಳನ್ನು ಹೊರುವ ಕುದುರೆಯ ಮೇಲೆ, ತಂತಿಯ ಅಡಿಗೆ ಸೇರಿಸುವ ನೂಲಿನ ಎಳೆ. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ, ಹಳೆಯ ನಿಯಮದಂತೆ, ಎರಡನೆಯ, ನಾಲ್ಕನೆಯ ಮೊದಲಾದ ಸಮಸಂಖ್ಯೆಯ ಅನುಸ್ವನಗಳು (ಮೂಲ ಆವೃತ್ತಿಯ ಎರಡು, ನಾಲ್ಕು ಪಟ್ಟಿನ ನಾದಗಳು) ಹುಟ್ಟಲೇಬಾರದು. ಬಾಗಿದ ಕುದುರೆಯೂ ನೂಲೂ ಇರುವ ನಮ್ಮ ತಂಬೂರಿ ಈ ನಿಯಮಕ್ಕೆ ಬಗ್ಗುವುದಿಲ್ಲವೆಂದು ಸಿ.ವಿ. ರಾಮನ್ ಅವರು ಬೆಂಗಳೂರಿಗೆ ಬರುವ ಮೊದಲೇ, 1921ರಲ್ಲಿ, ಬರೆದಿದ್ದರು. ನೂಲನ್ನು ಸರಿಸುತ್ತ ಹೋದಂತೆ ಮೇಲಿನ ಶಿಖರಗಳು ಏಳುವುದನ್ನೂ ಕುಸಿಯುವುದನ್ನೂ ಪರದೆಯ ಮೇಲೆ ಕಂಡಾಗ, ಕಿವಿ ‘ಜೀವ ಬಂತು’ ಎನ್ನುವುದು ಯಾವುದನ್ನು ಎಂದು ಕಣ್ಣಿಗೂ ತಿಳಿಯಿತು.

ಆದರೂ ಮೊದಲು ಕೇಳಿದ ಪ್ರಶ್ನೆಗೆ ಈ ಸಿದ್ಧ ಪ್ರಯೋಗ ಉತ್ತರ ಕೊಡುವುದಿಲ್ಲ. ಅದು ಫಲಿತಾಂಶವನ್ನು ತೋರಿಸುತ್ತದೆಯೇ ಹೊರತು ಗುಣಿಸಿ ಕೂಡಿಸುವ ನಡುವಿನ ಕೆಲಸವನ್ನಲ್ಲ. ಶಿಖರದ ಎತ್ತರ ಕಾಣುತ್ತದೆ, ಅಲೆಯ ಹಂತ, ಅಂದರೆ ಅದು ತನ್ನ ಏರಿಳಿತದಲ್ಲಿ ಎಲ್ಲಿದೆ ಎಂಬುದು, ಕಾಣುವುದಿಲ್ಲ. ಸ್ವಂತ ಪ್ರಯೋಗಗಳನ್ನು ಕಟ್ಟಿಕೊಳ್ಳಲು ಆ್ಯಪ್ ಅವಕಾಶ ಕೊಟ್ಟಿರುವುದರಿಂದ, ಮೈಕಿನ ಸಂಕೇತವನ್ನು ನಾನು ಆರಿಸಿದ ಆವೃತ್ತಿಯ ಸೈನ್ ಮತ್ತು ಕೊಸೈನ್‌ಗಳಿಂದ ಗುಣಿಸಿ ಸರಾಸರಿ ತೆಗೆಯುವಂತೆ ಒಂದನ್ನು ಜೋಡಿಸಿದೆ. ಆವೃತ್ತಿ ಹೊಂದದಿದ್ದರೆ ಧನವೂ ಋಣವೂ ಒಂದನ್ನೊಂದು ತಿಂದುಹಾಕಿ ಸರಾಸರಿ ಸೊನ್ನೆಯ ಬಳಿಯೇ ಉಳಿಯುತ್ತದೆ. ಹೊಂದಿದ ಕ್ಷಣದಲ್ಲಿ ಗುಣಲಬ್ಧ ಒಂದೇ ಕಡೆಗೆ ವಾಲಿ ಮೊತ್ತ ಬೆಳೆಯುತ್ತದೆ. ಸೈನ್ ಒಂದೇ ಸಾಲದೆ ಕೊಸೈನ್ ಕೂಡ ಏಕೆ ಬೇಕೆಂಬುದು ಫೋನನ್ನು ಒಂದು ಗೇಣು ಹಿಂದಕ್ಕೆ ಸರಿಸಿದಾಗ ತಿಳಿಯುತ್ತದೆ, ಏಕೆಂದರೆ ಆಗ ಮೊತ್ತ ಒಂದರಿಂದ ಇನ್ನೊಂದಕ್ಕೆ ಜಾರತೊಡಗುತ್ತದೆ. ಈ ಜೋಡಣೆಗೆ ನನಗೆ ಒಂದು ಸಂಜೆ ಹಿಡಿಯಿತು. ಮೊದಲ ವರ್ಷದ ವಿದ್ಯಾರ್ಥಿಯಿಂದ ಇದನ್ನು ನಿರೀಕ್ಷಿಸಲಾಗದು, ಅಧ್ಯಾಪಕರೇ ಸಿದ್ಧಪಡಿಸಿ ಹಂಚಬೇಕು.

ಸೈನ್, ಕೊಸೈನ್‌ಗಳ ಜೊತೆಗೆ ಬೆಳೆಯುವ ಅಥವಾ ಕ್ಷೀಣಿಸುವ ಘಾತೀಯದಿಂದಲೂ ಗುಣಿಸುವ ಲಾಪ್ಲಾಸ್ ಪರಿವರ್ತನೆಯನ್ನು ಓದುತ್ತಿರುವವರು ದತ್ತಾಂಶವನ್ನು ಎಕ್ಸೆಲ್‌ಗೆ ರಫ್ತು ಮಾಡಿಕೊಂಡು, ಕ್ಷೀಣಿಸುವ ಸಾರಣೆಯ ನಾದವನ್ನು ಬೆಳೆಯುವ ಘಾತೀಯದಿಂದಲೂ ಗುಣಿಸಿ ನೋಡಬಹುದು: ಬೆಳವಣಿಗೆಯ ದರ ತಂತಿಯ ಕ್ಷಯದ ದರಕ್ಕೆ ಸಮವಾಗುವಲ್ಲಿ ಮೊತ್ತ ನಿಲ್ಲದೆ ಏರುತ್ತದೆ, ಮತ್ತು ಪಠ್ಯಪುಸ್ತಕ ಧ್ರುವ ಎಂದು ಕರೆಯುವ ಬಿಂದು ಅದೇ ಆಗಿದೆ.