‘ಸರ್’ ಜಪಾನಿಗೆ ಹೋದಾಗ: ಯಾವ ಪದ ಎಲ್ಲಿಗೆ?

‘ಮಿಸ್ಟರ್’ ಎಂಬುದನ್ನು ಜಪಾನಿ ಭಾಷೆಗೆ ತರುವವರಿಗೆ ‘ಸಾನ್’ ಸುಲಭದ ದಾರಿ. ‘ತಾನಾಕಾ ಸಾನ್’ ಎಂದರೆ ನಮ್ಮ ‘ತಾನಾಕಾ ಅವರು’ ಇದ್ದಂತೆ: ಹೆಸರಾದ ಮೇಲೆ ಬರುತ್ತದೆ, ಗಂಡು ಹೆಣ್ಣೆಂಬ ಭೇದವಿಲ್ಲ. ತನ್ನ ಹೆಸರಿಗೆ ತಾನೇ ಅಂಟಿಸಿಕೊಂಡರೆ ಮಾತ್ರ ನಗೆಪಾಟಲು. ಲಕೋಟೆಯ ಮೇಲಾದರೆ ‘ಸಾಮಾ’, ಪತ್ರಿಕೆಯ ವರದಿಗಾದರೆ ‘ಶಿ’.

ನಿಜವಾದ ತಲೆನೋವು ‘ಸರ್’. ಇದಕ್ಕೆ ಎಲ್ಲೆಡೆ ಸಲ್ಲುವ ಒಂದೇ ಪದವಿಲ್ಲ. ಹೇಳುವವನು ಯಾರು, ಕೇಳುವವನು ಯಾರು ಎಂದು ಮೊದಲು ನೋಡಬೇಕು. ಅಂಗಡಿಯವನ ಬಾಯಲ್ಲಿ ಅದು ‘ಒಕ್ಯಾಕುಸಾಮಾ’, ಅಂದರೆ ಗಿರಾಕಿ ಮಹಾಶಯರು. ಕಚೇರಿಯಲ್ಲಿ ಹುದ್ದೆಯೇ ಸಂಬೋಧನೆ: ವಿಭಾಗದ ಮುಖ್ಯಸ್ಥನನ್ನು ‘ಕಾಚೋ’ ಎಂದೇ ಕರೆಯುತ್ತಾರೆ. ವೈದ್ಯ, ವಕೀಲ, ಮೇಷ್ಟ್ರು ಎಲ್ಲರೂ ‘ಸೆನ್ಸೇ’. ಎಷ್ಟೋ ಸಲ ಪದವನ್ನೇ ಕೈಬಿಟ್ಟು ಗೌರವವನ್ನು ಕ್ರಿಯಾಪದಕ್ಕೆ ವಹಿಸುವುದು ವಾಸಿ. ನಾನಾದರೆ ಅದನ್ನೇ ಮೊದಲು ಯತ್ನಿಸುತ್ತೇನೆ. ‘ಬನ್ನಿ’ ಎಂದಾಗ ನಾವೂ ಪ್ರತಿ ಸಲ ‘ಸ್ವಾಮಿ’ ಸೇರಿಸುವುದಿಲ್ಲವಲ್ಲ.

‘ಜಂಟಲ್‌ಮನ್’ಗೆ ನಿಘಂಟು ಕೊಡುವ ‘ಶಿನ್‌ಶಿ’ ಸಭ್ಯನ ಗುಣ ಹೇಳಲು, ಮಳಿಗೆಯ ಗಂಡಸರ ಉಡುಪಿನ ವಿಭಾಗಕ್ಕೆ ಒಪ್ಪುತ್ತದೆ. ಗಂಡಸರು ಎಂಬುದಕ್ಕೆ ಗೌರವದ ಪದವಾದ ‘ತೊನೊಗಾತಾ’ ಹಳೆಯ ವಸತಿಗೃಹದ ಸ್ನಾನದ ಮನೆಯ ಬಾಗಿಲಿಗೆ ಚೆಂದ. ಸಭೆಯ ‘ಲೇಡೀಸ್ ಅಂಡ್ ಜಂಟಲ್‌ಮೆನ್’ಗೆ ಎರಡೂ ಬೇಡ, ‘ಮಿನಾಸಾಮಾ’ ಸಾಕು, ಅಂದರೆ ಗಂಡು ಹೆಣ್ಣೆಂಬ ಭೇದವಿಲ್ಲದ ‘ಎಲ್ಲರೂ’. 2020ರ ಅಕ್ಟೋಬರಿನಲ್ಲಿ ಜಪಾನ್ ಏರ್‌ಲೈನ್ಸ್ ತನ್ನ ಇಂಗ್ಲಿಷ್ ಪ್ರಕಟಣೆಗಳಿಂದ ‘ಲೇಡೀಸ್ ಅಂಡ್ ಜಂಟಲ್‌ಮೆನ್’ ಸಂಬೋಧನೆಯನ್ನು ಕೈಬಿಟ್ಟಿತು. ಜಪಾನಿ ಪ್ರಕಟಣೆಯಲ್ಲಿ ಬದಲಿಸಲು ಏನೂ ಇರಲಿಲ್ಲ.